ಪರದೇಶದಲ್ಲಿದ್ದು ಊರ ಸೇವೆ: ನಿಲ್ಲದೆ ನಡೆಯುವ ಕಾಯಕವನ್ನು ಆರಿಸುವ ಬಗೆ

ಒಂದು ಕಾಲಕ್ಕೆ ಮಗನನ್ನು ಕಲಬುರ್ಗಿಗೋ ಧಾರವಾಡಕ್ಕೋ ಓದಲು ಕಳುಹಿಸುವುದೇ ದೊಡ್ಡ ಸಾಹಸವೆನಿಸಿದ್ದ ಸಿಂಧನೂರು, ಲಿಂಗಸೂಗೂರು, ಮಸ್ಕಿ ಸೀಮೆಯ ಮನೆತನಗಳಲ್ಲಿ ಇಂದು ಅಮೆರಿಕ, ಇಂಗ್ಲೆಂಡ್, ಜರ್ಮನಿ, ದುಬೈ ಎಂಬ ಹೆಸರುಗಳು ನೆರೆಯೂರಿನ ಹೆಸರುಗಳಷ್ಟೇ ಸಲೀಸಾಗಿ ಬಾಯಿಗೆ ಬರುತ್ತಿವೆ. ತಂದೆತಾಯಿಗಳು ಹೊಟ್ಟೆಬಟ್ಟೆ ಕಟ್ಟಿ, ಸಾಲಸೋಲ ಮಾಡಿ ಓದಿಸಿದ ಮಕ್ಕಳು ಅಲ್ಲಿ ನೆಲೆ ಕಂಡಿದ್ದಾರೆ. ನೆಲೆ ಕಂಡ ನಾಲ್ಕಾರು ವರ್ಷಗಳಲ್ಲಿ ಅವರಲ್ಲಿ ಅನೇಕರ ಮನದಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ನಮ್ಮನ್ನು ಬೆಳೆಸಿದ ಊರಿಗೆ ಇಲ್ಲಿಂದಲೇ ನಾವೇನು ಮಾಡಬಲ್ಲೆವು?

ಈ ಪ್ರಶ್ನೆ ಏಳುವುದೇ ಒಂದು ಪುಣ್ಯ. ಆದರೆ ಅದಕ್ಕೆ ನಾವು ಕಂಡುಕೊಳ್ಳುವ ಉತ್ತರ ಬಹುತೇಕ ಅವಸರದ್ದು. ಮೂರು ವಾರದ ರಜೆಯ ಮೇಲೆ ಬಂದ ಮಗ ತಾನು ಓದಿದ ಶಾಲೆಗೆ ನಾಲ್ಕು ಕಂಪ್ಯೂಟರು ಕೊಡಿಸುತ್ತಾನೆ. ಇಲ್ಲವೆ ಓಣಿಯಲ್ಲಿ ನೀರು ಶುದ್ಧೀಕರಿಸುವ ಯಂತ್ರ ನಿಲ್ಲಿಸುತ್ತಾನೆ. ತೆಂಗಿನಕಾಯಿ ಒಡೆಯುತ್ತದೆ, ಸನ್ಮಾನ ನಡೆಯುತ್ತದೆ, ಫೋಟೋ ತೆಗೆಯುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಕಂಪ್ಯೂಟರಿನ ಮೇಲೆ ಧೂಳು ಕೂಡುತ್ತದೆ, ಯಂತ್ರದ ಕೋಣೆಗೆ ಬೀಗ ಬೀಳುತ್ತದೆ. ಆ ಬೀಗದ ಕೈ ಯಾರ ಬಳಿ ಇದೆಯೆಂದು ಹುಡುಕಿಕೊಂಡು ಅಲೆಯುವವರು ಎಪ್ಪತ್ತು ದಾಟಿದ ತಂದೆ. ಕೊಟ್ಟವನಿಗೆ ಬೇಸರ, ಪಡೆದವರಿಗೆ ಮುಜುಗರ. ಮುಂದೆ ಇನ್ನೊಬ್ಬರು ನಿಜವಾದ ಕೆಲಸ ಹೊತ್ತು ಬಂದಾಗ ಊರಿನವರೇ ನಂಬುವುದಿಲ್ಲ. ಹಣ ಹೋದದ್ದಕ್ಕಿಂತ ಈ ನಂಬಿಕೆ ಹೋದದ್ದು ದೊಡ್ಡ ನಷ್ಟ.

ಆದ್ದರಿಂದ ಸೇವೆಗೆ ತೊಡಗುವ ಮುನ್ನ ಒಂದು ಒರೆಗಲ್ಲನ್ನು ಕೈಯಲ್ಲಿ ಹಿಡಿಯುವುದು ಲೇಸೆಂದು ನಮಗೆ ತೋರುತ್ತದೆ. ಸಮಾರಂಭವಿಲ್ಲದ, ಅತಿಥಿಗಳಿಲ್ಲದ ಒಂದು ಸಾಧಾರಣ ಸೋಮವಾರದಂದು ಈ ಕೆಲಸದ ಬಾಗಿಲನ್ನು ತೆರೆಯುವವರು ಯಾರು? ಈ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರು ಹೇಳಲು ಸಾಧ್ಯವಾದರೆ ಆ ಕೆಲಸವನ್ನು ಕೈಗೆತ್ತಿಕೊಳ್ಳಬಹುದು. ಹೆಸರು ಹೊಳೆಯದಿದ್ದರೆ ಇನ್ನೂ ಕೆಲವು ತಿಂಗಳು ಕಾಯಬೇಕು.

ಹಿರಿಯರು ತೋರಿದ ದಾರಿ

ನಿಲ್ಲದೆ ನಡೆಯುವ ದಾನ ಹೇಗಿರುತ್ತದೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾದರು. ತಮ್ಮ ಸಂಸ್ಥಾನದ ಆಸ್ತಿಯನ್ನು ಅವರು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದ ಮೂಲಕ ಮೀಸಲಿಟ್ಟಿದ್ದರು. ಅವರು ಒಂದು ವರ್ಷದ ವಿದ್ಯಾರ್ಥಿಗಳಿಗೆ ಹಣ ಹಂಚಿ ಕೈತೊಳೆದುಕೊಳ್ಳಲಿಲ್ಲ. ಮೂಲಧನ ಕರಗದಂತೆ, ಅದರ ಆದಾಯದಿಂದ ವಿದ್ಯಾರ್ಥಿವೇತನ ಸಲ್ಲುವಂತೆ ಏರ್ಪಾಡು ಮಾಡಿದರು. ಆ ನೆರವಿನಿಂದ ಓದಿದ ತಲೆಮಾರುಗಳು ಉತ್ತರ ಕರ್ನಾಟಕದ ಉದ್ದಗಲಕ್ಕೂ ಇವೆ.

ಹಣವಿಲ್ಲದವರ ದಾರಿಯೂ ಒಂದಿದೆ. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಜನರಲ್ಲಿ ಎಲ್ಲರೂ ಸಿರಿವಂತರಲ್ಲ. ಅವರು ಕೊಟ್ಟದ್ದು ತಮ್ಮ ದುಡಿಮೆಯ ವರ್ಷಗಳನ್ನು. ಹಣವುಳ್ಳವರನ್ನು ಹುಡುಕಿ ಜೊತೆಗೂಡಿಸಿಕೊಂಡರು, ಶಾಲೆಯನ್ನು ತಾವೇ ನಿಂತು ನಡೆಸಿದರು. ಒಬ್ಬರದು ಸಂಪತ್ತು, ಮತ್ತೊಬ್ಬರದು ಸಮಯ. ಇವೆರಡೂ ಕೂಡಿದಲ್ಲಿ ಸಂಸ್ಥೆ ನಿಂತಿತು. ಪರದೇಶದಲ್ಲಿರುವ ನಮ್ಮ ಮಕ್ಕಳಿಗೂ ಇದೇ ಪಾಠ. ಅವರು ಅಲ್ಲಿಂದ ಕೊಡುವುದಕ್ಕೆ ಇಲ್ಲಿ ನಿಂತು ಮಾಡುವವರ ಜೋಡು ಬೇಕು. ಇಲ್ಲಿ ನಿಂತು ಮಾಡುವವರನ್ನು ಕೆಲಸದಾಳೆಂದು ಬಗೆಯದೆ ಸಮಾನ ಪಾಲುದಾರರೆಂದು ಬಗೆದಾಗ ಮಾತ್ರ ದಾಸೋಹವೆಂಬ ಮಾತಿಗೆ ಅರ್ಥ ಬರುತ್ತದೆ.

ಮೂರು ತಾಲ್ಲೂಕು, ಮೂರು ಬಗೆಯ ಅಗತ್ಯ

‘ನಮ್ಮ ಭಾಗ ಹಿಂದುಳಿದದ್ದು’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನಮಗೆ ರೂಢಿಯಾಗಿದೆ. ಸೇವೆಗೆ ಹೊರಟವರಿಗೆ ಅಷ್ಟು ಸಾಲದು. ನಮ್ಮ ಮೂರು ತಾಲ್ಲೂಕುಗಳು ಅಕ್ಕಪಕ್ಕದಲ್ಲಿದ್ದರೂ ಒಂದರ ಅಗತ್ಯ ಇನ್ನೊಂದರದಲ್ಲ.

ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಂಡು ಭತ್ತದ ಕಣಜವಾಗಿ ಬೆಳೆದ ಊರು. ಅಲ್ಲಿ ಅಕ್ಕಿ ಗಿರಣಿಗಳಿವೆ, ವ್ಯಾಪಾರವಿದೆ. ಆದರೆ ಕಾಲುವೆಯ ಕೊನೆಯ ಭಾಗದ ರೈತನಿಗೆ ನೀರು ತಲುಪುವುದೇ ಪ್ರಯಾಸ. ಅತಿಯಾಗಿ ನೀರು ಉಂಡ ಕೆಲವು ಹೊಲಗಳು ಜವುಳು ಹಿಡಿದು ಸವುಳಾಗಿವೆ. 2024ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಈ ಸೀಮೆಯ ಒಂದೊಂದು ಮನೆಯೂ ನಡುಗಿತು. ಕಟ್ಟುವುದು ಒಂದು ಕಾಲದ ಕೆಲಸ, ಕಾಯುವುದು ಎಲ್ಲ ಕಾಲದ ಕೆಲಸವೆಂಬುದನ್ನು ಅಷ್ಟು ಸ್ಪಷ್ಟವಾಗಿ ಕಲಿಸಿದ ಘಟನೆ ಈಚೆಗೆ ಬೇರೊಂದಿಲ್ಲ.

ಲಿಂಗಸೂಗೂರಿನ ಚಿತ್ರ ಬೇರೆ. ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ ಈ ತಾಲ್ಲೂಕಿನ ಹಿರಿಮೆ. ಆದರೆ ಮಳೆಯನ್ನೇ ನಂಬಿದ ಹೊಲಗಳು ಬಹಳ. ಮಳೆ ಕೈಕೊಟ್ಟ ವರ್ಷ ಹಳ್ಳಿಗಳಿಂದ ಸಂಸಾರಗಳು ಬೆಂಗಳೂರಿನಂತಹ ನಗರಗಳಿಗೆ ಗುಳೆ ಹೋಗುತ್ತವೆ. ಮನೆಯಲ್ಲಿ ಅಜ್ಜ ಅಜ್ಜಿ ಉಳಿಯುತ್ತಾರೆ. ಮಕ್ಕಳು ಕೆಲವರು ಅವರ ಬಳಿ ಉಳಿದರೆ, ಕೆಲವರು ಶಾಲೆ ಬಿಟ್ಟು ತಂದೆತಾಯಿಗಳ ಬೆನ್ನು ಹತ್ತುತ್ತಾರೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿಯೂ ಶಾಲೆಯ ಹಾಜರಿ ಇಳಿಯುತ್ತದೆ.

ಹಿಂದೆ ಲಿಂಗಸೂಗೂರಿನ ಭಾಗವಾಗಿದ್ದು ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾದ ಮಸ್ಕಿಯಲ್ಲಿ ನೀರಾವರಿಯ ಬಯಕೆ ಇನ್ನೂ ತೀರಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು 2020ರ ಕೊನೆಯಲ್ಲಿ ಹೂಡಿದ ಧರಣಿ ಮರುವರ್ಷಕ್ಕೂ ಮುಂದುವರಿದುದನ್ನು ನಾವು ಮರೆತಿಲ್ಲ.

ಮೂರಕ್ಕೂ ಸಾಮಾನ್ಯವಾದ ಕೊರತೆ ಓದಿನದು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60ನ್ನು ಮುಟ್ಟಿರಲಿಲ್ಲ, ರಾಜ್ಯದ ಸರಾಸರಿ ಆಗ ಶೇ. 75ನ್ನು ದಾಟಿತ್ತು. ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ ಜನ ಅಕ್ಷರಸ್ಥರಾಗಿದ್ದರು. ಅಂದು ಅಕ್ಷರ ಕಲಿಯದ ತಾಯಂದಿರ ಮಕ್ಕಳೇ ಇಂದು ಶಾಲೆಯಲ್ಲಿದ್ದಾರೆ. ಮನೆಯಲ್ಲಿ ಪುಸ್ತಕ ಬಿಡಿಸಿ ಹೇಳಿಕೊಡುವವರಿಲ್ಲದ ಆ ಮಕ್ಕಳಿಗೆ ಸಂಜೆಯ ಎರಡು ತಾಸು ಆಸರೆಯಾಗುವುದು ದೂರದಿಂದಲೂ ಸಾಧ್ಯವಿರುವ ಕೆಲಸಗಳಲ್ಲಿ ಮೊದಲನೆಯದು.

ಆಗಲೇ ಇರುವುದನ್ನು ಮೊದಲು ನೋಡಬೇಕು

ಹೊಸದನ್ನು ಕಟ್ಟುವ ಮುನ್ನ ಊರಿನಲ್ಲಿ ಇರುವುದೇನೆಂದು ನೋಡುವುದು ಜಾಣತನ. ಶಾಲೆಯ ಬಿಸಿಯೂಟವನ್ನೇ ತೆಗೆದುಕೊಳ್ಳಿ. ‘ಅಕ್ಷರ ದಾಸೋಹ’ವೆಂಬ ನಮ್ಮದೇ ಹೆಸರು ಹೊತ್ತ ಆ ಯೋಜನೆ 2002ರಲ್ಲಿ ಮೊದಲು ಆರಂಭವಾದದ್ದು ರಾಯಚೂರೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ಅನ್ನದ ಏರ್ಪಾಡು ಅಲ್ಲಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳುವ ಪರಿಪಾಠ ಬಂದಿದೆ. ಸರಕಾರಿ ಶಾಲೆಗಳಿಗೆ ಪಾಲಕರೇ ಕೂಡಿರುವ ಎಸ್.ಡಿ.ಎಂ.ಸಿ. ಸಮಿತಿಗಳಿವೆ. ಇವುಗಳ ಪಕ್ಕದಲ್ಲಿ ಇನ್ನೊಂದು ಗ್ರಂಥಾಲಯ, ಇನ್ನೊಂದು ಸಮಿತಿ ಕಟ್ಟಿ ಪೈಪೋಟಿಗೆ ನಿಲ್ಲುವ ಬದಲು, ಇರುವ ಗ್ರಂಥಾಲಯಕ್ಕೆ ಮಕ್ಕಳ ಪುಸ್ತಕ ತರಿಸಿ, ವಾರಕ್ಕೊಮ್ಮೆ ಕಥೆ ಓದಿಸುವವರನ್ನು ಗೊತ್ತುಮಾಡಿದರೆ ಸಣ್ಣ ಹಣದಲ್ಲಿ ದೊಡ್ಡ ಕೆಲಸವಾಗುತ್ತದೆ. ನಾಳೆ ನಾವು ಹಿಂದೆ ಸರಿದರೂ ಗ್ರಂಥಾಲಯ ಉಳಿದಿರುತ್ತದೆ.

ನೀರಿನ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ನಮ್ಮ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಚಿನ್ನದ ಗಣಿಯ ಸುತ್ತಲಿನ ಕೆಲವು ಹಳ್ಳಿಗಳಲ್ಲಿ ಆರ್ಸೆನಿಕ್ ಇರುವುದೂ ಕಂಡುಬಂದಿದೆ. ಇವೆರಡೂ ನೀರನ್ನು ಕುದಿಸಿದರೆ ಹೋಗುವಂಥವಲ್ಲ, ಬಟ್ಟೆಯಲ್ಲಿ ಸೋಸಿದರೆ ಹೋಗುವಂಥವೂ ಅಲ್ಲ. ಆದ್ದರಿಂದ ನೀರಿನ ಪರೀಕ್ಷೆಯಾಗದೆ ಯಂತ್ರಕ್ಕೆ ಹಣ ಕೊಡಲಾಗದು. ಯಂತ್ರ ನಿಲ್ಲಿಸಿದ ಮೇಲೆ ಅದರ ಒಳಪೊರೆ ಬದಲಿಸಬೇಕು, ವಿದ್ಯುತ್ ಬಿಲ್ಲು ತುಂಬಬೇಕು, ಹೊರಬೀಳುವ ಕೊಳೆನೀರಿಗೆ ದಾರಿ ಮಾಡಬೇಕು, ದಿನವೂ ನೋಡಿಕೊಳ್ಳಲು ಒಬ್ಬರಿರಬೇಕು. ಇಷ್ಟಕ್ಕೂ ಊರಿನವರೇ ಒಪ್ಪಿ ಕೊಡಕ್ಕಿಷ್ಟೆಂದು ಹಣ ಕೂಡಿಸುವುದಾದರೆ ಮುಂದುವರಿಯಬಹುದು. ಇಲ್ಲವಾದರೆ ಆ ಹಣ ಬೇರೊಂದು ಕೆಲಸಕ್ಕೆ ಸಲ್ಲಲಿ.

ನಡೆಸುವ ಖರ್ಚಿನ ಲೆಕ್ಕ

ದಾನಿಗಳಿಗೆ ಕಟ್ಟಡವೆಂದರೆ ಪ್ರೀತಿ, ಸಂಬಳವೆಂದರೆ ಅಂಜಿಕೆ. ಆದರೆ ಕೆಲಸ ನಡೆಯುವುದು ಸಂಬಳದಿಂದ. ಒಂದು ಸಂಜೆಯ ಓದಿನ ಮನೆಯನ್ನು ಉದಾಹರಣೆಗೆ ಲೆಕ್ಕ ಹಾಕೋಣ. ಜಾಗ ಶಾಲೆಯದು ಇಲ್ಲವೆ ಗ್ರಂಥಾಲಯದ್ದು. ಊರಿನ ಪದವೀಧರ ಸೊಸೆಯೊಬ್ಬಳು ದಿನಕ್ಕೆ ಎರಡು ತಾಸು ಮಕ್ಕಳನ್ನು ಕೂಡಿಸಿ ಓದಿಸುತ್ತಾಳೆ. ಅವಳಿಗೆ ತಿಂಗಳಿಗೆ 3,000 ರೂಪಾಯಿ ಗೌರವಧನವೆಂದು ಹಿಡಿಯೋಣ. ವರ್ಷಕ್ಕೆ 36,000 ರೂಪಾಯಿ. ಹೊರನಾಡಿನ ಐದು ಕುಟುಂಬಗಳು ಕೂಡಿದರೆ ಒಂದೊಂದು ಮನೆಗೆ ವರ್ಷಕ್ಕೆ 7,200 ರೂಪಾಯಿ ಬರುತ್ತದೆ. ಇದು ಯಾರಿಗೂ ಭಾರವಾಗದ ಮೊತ್ತ. ಆದರೆ ಮೂರು ವರ್ಷ ತಪ್ಪದೆ ಕೊಡುತ್ತೇವೆಂಬ ಮಾತು ಮೊದಲೇ ಆಗಬೇಕು, ಮೊದಲ ವರ್ಷದ ಹಣ ಮುಂಗಡವಾಗಿ ಬ್ಯಾಂಕಿನಲ್ಲಿರಬೇಕು. ನಡುವೆ ಒಬ್ಬರ ನೌಕರಿ ಹೋದರೂ, ಒಬ್ಬರ ಮನಸ್ಸು ಬದಲಾದರೂ, ಉಳಿದ ನಾಲ್ವರಿಂದ ಕೆಲಸ ನಿಲ್ಲದು. ಒಬ್ಬರ ಹೆಸರಿನಲ್ಲಿ ನಡೆಯುವ ಸೇವೆ ಆ ಒಬ್ಬರ ಅದೃಷ್ಟಕ್ಕೆ ಕಟ್ಟುಬಿದ್ದಿರುತ್ತದೆ.

ಹೊತ್ತಿನ ಲೆಕ್ಕ

ಹಣದಂತೆ ಹೊತ್ತಿಗೂ ಲೆಕ್ಕ ಬೇಕು. ನಮ್ಮಲ್ಲಿ ಸಂಜೆ ಆರೂವರೆಯಾದಾಗ ಲಂಡನ್ನಿನಲ್ಲಿ ಬೇಸಿಗೆಯಾದರೆ ಮಧ್ಯಾಹ್ನ ಎರಡು, ಚಳಿಗಾಲವಾದರೆ ಒಂದು ಗಂಟೆ. ದುಬೈಯಲ್ಲಿ ಐದು ಗಂಟೆ. ಅಮೆರಿಕದ ಶಿಕಾಗೋದಲ್ಲಿ ಬೇಸಿಗೆಯಲ್ಲಿ ಬೆಳಗಿನ ಎಂಟು, ಚಳಿಗಾಲದಲ್ಲಿ ಏಳು. ಅಂದರೆ ಭಾನುವಾರ ಸಂಜೆ ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತವನ್ನೋ ಇಂಗ್ಲಿಷನ್ನೋ ಒಂದು ತಾಸು ಕಲಿಸಲು ಈ ಮೂರೂ ದೇಶಗಳವರಿಗೆ ಅನುಕೂಲವಿದೆ. ವಾರದ ದಿನಗಳಲ್ಲಿ ಕಲಿಸುತ್ತೇವೆಂದು ಉತ್ಸಾಹದಲ್ಲಿ ಒಪ್ಪಿಕೊಂಡವರು ಎರಡು ತಿಂಗಳಲ್ಲಿ ದಣಿಯುತ್ತಾರೆ. ಮೊದಲ ತಿಂಗಳು ಇಪ್ಪತ್ತು ತಾಸು ಕೊಟ್ಟು ಮಾಯವಾಗುವವರಿಗಿಂತ ವಾರಕ್ಕೆ ಒಂದೇ ತಾಸನ್ನು ಮೂರು ವರ್ಷ ಕೊಡುವವರು ಮಕ್ಕಳಿಗೆ ಬೇಕು. ಇಬ್ಬರು ಮೂವರು ಸರದಿಯ ಮೇಲೆ ಕಲಿಸಿದರೆ ಇನ್ನೂ ಒಳಿತು.

ಇಂತಹ ಪಾಠಗಳಲ್ಲಿ ಶಾಲೆಯ ಶಿಕ್ಷಕರೋ ಓದಿಸುವ ತಾಯಿಯೋ ಮಕ್ಕಳ ಜೊತೆ ಕುಳಿತಿರಲೇಬೇಕು. ಪರದೆಯ ಮೇಲಿನ ಗುರುವಿಗೆ ಯಾವ ಮಗು ಕಣ್ಣೊರೆಸಿಕೊಳ್ಳುತ್ತಿದೆ ಎಂದು ಕಾಣದು. ಮಕ್ಕಳ ಸುರಕ್ಷತೆಗೂ ಇದು ಅಗತ್ಯ. ಪಾಲಕರ ಒಪ್ಪಿಗೆಯಿಲ್ಲದೆ ಮಕ್ಕಳ ಭಾವಚಿತ್ರಗಳನ್ನು ಎಲ್ಲಿಯೂ ಹಂಚಬಾರದು. ಬಡತನವನ್ನು ಪ್ರದರ್ಶಿಸಿ ಎತ್ತಿದ ಹಣದಿಂದ ಮಗುವಿನ ಮಾನ ತಗ್ಗುತ್ತದೆ. ಬಾಗಿಲು ಎಲ್ಲ ಜಾತಿಮತಗಳ ಮಕ್ಕಳಿಗೂ ತೆರೆದಿರಬೇಕೆಂಬುದನ್ನು ಬಸವಣ್ಣನವರ ಹೆಸರು ಹೇಳುವ ನಮಗೆ ಯಾರೂ ನೆನಪಿಸಬೇಕಾಗಿಲ್ಲ.

ಹಣ ಕಳುಹಿಸುವ ದಾರಿ

ಹೊರದೇಶದ ಹಣವನ್ನು ಊರಿನ ಸಂಸ್ಥೆಗೆ ಕೊಡುವಾಗ ಕಾನೂನನ್ನು ಅರಿಯದೆ ಹೆಜ್ಜೆ ಇಡಬಾರದು. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆ ಇದಕ್ಕೆ ಅನ್ವಯಿಸುತ್ತದೆ. 2020ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಸಾಮಾನ್ಯ ಮಾರ್ಗದಲ್ಲಿ ಕೊಡುವುದನ್ನು ವಿದೇಶಿ ವಂತಿಗೆಯೆಂದು ಎಣಿಸುವುದಿಲ್ಲ. ಆದರೆ ಅಮೆರಿಕ, ಇಂಗ್ಲೆಂಡಿನಂತಹ ದೇಶದ ಪೌರತ್ವ ಪಡೆದವರು, ಅವರ ಕೈಯಲ್ಲಿ ಓ.ಸಿ.ಐ. ಕಾರ್ಡು ಇದ್ದರೂ, ಕೊಡುವ ದಾನ ವಿದೇಶಿ ವಂತಿಗೆಯೇ ಆಗುತ್ತದೆ. ಅದನ್ನು ಪಡೆಯುವ ಸಂಸ್ಥೆಗೆ ಈ ಕಾಯಿದೆಯ ಪ್ರಕಾರ ನೋಂದಣಿ ಇಲ್ಲವೆ ಪೂರ್ವಾನುಮತಿ ಇರಬೇಕು. ಹಣ ನವದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಗೊತ್ತಾದ ಖಾತೆಗೇ ಬರಬೇಕು. ಹೀಗೆ ಬಂದ ಹಣವನ್ನು ಒಂದು ಸಂಸ್ಥೆ ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಇದರ ಅರ್ಥವೇನೆಂದರೆ, ಊರಿನ ಸಣ್ಣ ಸಂಘಕ್ಕೆ ಅಮೆರಿಕದ ಪೌರರಾದ ಮಗಳು ನೇರವಾಗಿ ಹಣ ಹಾಕಿದರೆ ಆ ಸಂಘದವರು ತೊಂದರೆಗೆ ಸಿಲುಕಬಹುದು. ಒಳ್ಳೆಯ ಮನಸ್ಸು ಅವರನ್ನು ಕಾಪಾಡದು. ಲೆಕ್ಕ ತಿಳಿದವರನ್ನು, ಅಂದರೆ ಚಾರ್ಟರ್ಡ್ ಅಕೌಂಟೆಂಟರನ್ನು, ಮೊದಲೇ ಕೇಳಿಕೊಂಡು ನೋಂದಣಿಯುಳ್ಳ ನಂಬಿಕೆಯ ಸಂಸ್ಥೆಯ ಜೊತೆಗೂಡುವುದು ಕ್ಷೇಮ. ಉತ್ತರ ಅಮೆರಿಕದ ವೀರಶೈವ ಸಮಾಜ, ಆಯಾ ಊರಿನ ಕನ್ನಡ ಕೂಟಗಳು ಇಂತಹ ವಿಷಯದಲ್ಲಿ ಅನುಭವವುಳ್ಳವರ ಸಂಪರ್ಕಕ್ಕೆ ಬರಲು ತಕ್ಕ ಸ್ಥಳಗಳು.

ಹಣ ಬೇಡದ ಸೇವೆಗಳು

ಎಲ್ಲರಿಗೂ ಹಣ ಕೊಡುವ ಅನುಕೂಲವಿರುವುದಿಲ್ಲ. ಗಂಡನ ನೌಕರಿಗೆಂದು ಹೋಗಿ, ವೀಸಾದ ಕಟ್ಟಳೆಯಿಂದ ತಾನು ದುಡಿಯಲಾಗದೆ ಮನೆಯಲ್ಲೇ ಉಳಿಯುವ ವಿದ್ಯಾವಂತ ಹೆಣ್ಣುಮಕ್ಕಳು ನಮ್ಮ ಮನೆತನಗಳಲ್ಲಿ ಕಡಿಮೆಯೇನಲ್ಲ. ಅವರ ಏಕಾಂತಕ್ಕೂ ಊರಿನ ಅಗತ್ಯಕ್ಕೂ ಸೇತುವೆಯಾಗುವ ಕೆಲಸಗಳಿವೆ. 2003ರಿಂದ ಬೆಳೆಯುತ್ತಿರುವ ಕನ್ನಡ ವಿಕಿಪೀಡಿಯದಲ್ಲಿ ತಮ್ಮ ಊರಿನ, ಕೋಟೆಯ, ಹಳ್ಳಕೊಳ್ಳದ ಬಗ್ಗೆ ಆಧಾರಸಹಿತವಾಗಿ ಬರೆಯಬಹುದು. ಹಳೆಯ ಕನ್ನಡ ಗ್ರಂಥಗಳನ್ನು ಅಕ್ಷರಕ್ಕೆ ಅಕ್ಷರ ತಿದ್ದಿ ಅಂತರ್ಜಾಲಕ್ಕೆ ಏರಿಸುವ ವಿಕಿಸೋರ್ಸ್ ಕೆಲಸಕ್ಕೆ ದಿನಕ್ಕೊಂದು ಪುಟ ಕೊಟ್ಟರೂ ಸಾಕು. ಬೆಂಗಳೂರಿನ ಮಿತ್ರ ಜ್ಯೋತಿಯಂತಹ ಸಂಸ್ಥೆಗಳು ದೃಷ್ಟಿಯಿಲ್ಲದವರಿಗಾಗಿ ಧ್ವನಿ ಪುಸ್ತಕಗಳನ್ನು ಸಿದ್ಧಪಡಿಸುತ್ತವೆ. ಸ್ಪಷ್ಟ ಉಚ್ಚಾರವುಳ್ಳವರು ಇಂತಹ ಸಂಸ್ಥೆಗಳನ್ನು ವಿಚಾರಿಸಿ ನೋಡಬಹುದು.

ತಾವಿರುವ ಊರಿನಲ್ಲಿಯೇ ಮಕ್ಕಳಿಗೆ ಕನ್ನಡ ಕಲಿಸುವುದೂ ದೊಡ್ಡ ಸೇವೆ. 2014ರಲ್ಲಿ ಆರಂಭವಾದ ದುಬೈಯ ಕನ್ನಡ ಪಾಠಶಾಲೆ ಕನ್ನಡಿಗ ಮಕ್ಕಳಿಗೆ ಉಚಿತವಾಗಿ ಭಾಷೆ ಕಲಿಸುತ್ತ ಬಂದಿದೆ. ತಾಯಂದಿರೇ ಸ್ವಯಂಸೇವಕಿಯರಾಗಿ ಕಲಿಸಿದ್ದು ಅದರ ಬಲ. ಅಜ್ಜಿಯ ಜೊತೆ ಫೋನಿನಲ್ಲಿ ಕನ್ನಡ ಮಾತನಾಡಬಲ್ಲ ಮೊಮ್ಮಗ ಊರಿಗೆ ಬಂದಾಗ ಅತಿಥಿಯಾಗಿ ಬರುವುದಿಲ್ಲ; ಮುಂದೆ ಈ ಸೇವೆಯ ನೊಗಕ್ಕೆ ಹೆಗಲು ಕೊಡಬಲ್ಲವನೂ ಅವನೇ.

ಮನೆಯ ಹಿರಿಯರ ವಿಚಾರ

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಪರದೇಶದಲ್ಲಿ ಹುಟ್ಟಿದ ಯೋಜನೆಯ ಭಾರ ಊರಿನಲ್ಲಿ ಬೀಳುವುದು ತಂದೆತಾಯಿಗಳ ಮೇಲೆ, ಇಲ್ಲವೆ ಊರಲ್ಲೇ ಉಳಿದ ತಮ್ಮನ ಮೇಲೆ. ಗುತ್ತಿಗೆದಾರನನ್ನು ಕಾಡುವುದು, ರಸೀದಿ ಕೂಡಿಡುವುದು, ಬೇಡಿಕೆ ಹೊತ್ತು ಬಂದವರಿಗೆ ಇಲ್ಲವೆನ್ನುವುದು ಎಲ್ಲ ಅವರ ಪಾಲು. ಅಣ್ಣ ಕಳುಹಿಸಿದ ಹಣದ ಲೆಕ್ಕವನ್ನು ತಮ್ಮ ಕೊಡಬೇಕಾಗಿ ಬಂದಾಗ ಬಾಂಧವ್ಯಗಳು ಹುಳಿಯಾಗುತ್ತವೆ. ಆದ್ದರಿಂದ ಹಿರಿಯರು ಆಶೀರ್ವದಿಸಲಿ, ಸಲಹೆ ಕೊಡಲಿ. ಹಣ ಮತ್ತು ಲೆಕ್ಕ ಮಾತ್ರ ಸಮಿತಿಯ ಕೈಯಲ್ಲಿರಲಿ. ‘ಅಪ್ಪಾ, ನಿಮಗೆ ಇದು ಸಾಧ್ಯವೇ?’ ಎಂದು ಮೊದಲು ಕೇಳಬೇಕು. ಅವರು ಒಲ್ಲೆನೆಂದರೆ ಅದನ್ನು ಗೌರವಿಸಬೇಕು. ತಂದೆತಾಯಿಗಳ ನೆಮ್ಮದಿಯನ್ನು ತೆತ್ತು ಮಾಡಿದ ಊರಸೇವೆ ಸೇವೆಯೆನಿಸದು.

ಆರಂಭಿಸುವ ಕ್ರಮ

ಮುಂದಿನ ಸಲ ಊರಿಗೆ ಬಂದಾಗ ಏನನ್ನೂ ಉದ್ಘಾಟಿಸದೆ ಬರೀ ಕೇಳಿಸಿಕೊಳ್ಳಲು ಒಂದು ವಾರ ಮೀಸಲಿಡಿ. ಮುಖ್ಯೋಪಾಧ್ಯಾಯರು, ಅಂಗನವಾಡಿಯ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಗ್ರಂಥಪಾಲಕರು, ಗುಳೆ ಹೋಗಿ ಬಂದ ಒಂದೆರಡು ಸಂಸಾರ, ಇವರೆಲ್ಲರ ಮಾತು ಕೇಳಿ. ನೆಂಟರಿಷ್ಟರು ಹೇಳಿದ್ದಷ್ಟೇ ಊರಿನ ಅಗತ್ಯವಲ್ಲ. ಬಳಿಕ ಒಂದೇ ಕೆಲಸವನ್ನು ಆರಿಸಿ, ಶಾಲೆ ತೆರೆದಾಗ ಆರಂಭಿಸಿ ದಸರೆಯ ರಜೆಯವರೆಗೆ ಪರೀಕ್ಷಾರ್ಥ ನಡೆಸಿ ನೋಡಿ. ನಡೆಯದಿದ್ದರೆ ಸಂಕೋಚವಿಲ್ಲದೆ ನಿಲ್ಲಿಸಿ, ಕಾರಣವನ್ನು ಊರಿನವರಿಗೆ ತಿಳಿಸಿ. ನಡೆದರೆ ಮೂರು ವರ್ಷಕ್ಕೆ ಮಾತು ಕೊಡಿ. ಮೂರನೆಯ ವರ್ಷದ ಕೊನೆಗೆ ಇದನ್ನು ಯಾರ ಕೈಗೆ ಒಪ್ಪಿಸುವಿರೆಂಬುದನ್ನು ಮೊದಲನೆಯ ವರ್ಷವೇ ಬರೆದಿಡಿ. ವರ್ಷಕ್ಕೊಮ್ಮೆ ಜಮಾಖರ್ಚನ್ನು ಗ್ರಂಥಾಲಯದ ಗೋಡೆಗೆ ಅಂಟಿಸಿದರೆ ಊರಿನ ನಂಬಿಕೆ ತಾನೇ ಬೆಳೆಯುತ್ತದೆ.

ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಕೊರೆಯಿಸಿದ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ ಜಗತ್ತು ಅದರಲ್ಲಿದ್ದ ಚಕ್ರವರ್ತಿಯ ಹೆಸರನ್ನು ಕಂಡು ಬೆರಗಾಯಿತು. ಅದರ ಒಳಗಿನ ಮಾತು ಅದಕ್ಕಿಂತ ದೊಡ್ಡದು. ಉನ್ನತವಾದುದನ್ನು ಸಾಧಿಸುವುದು ದೊಡ್ಡವರಿಗಷ್ಟೇ ಮೀಸಲಲ್ಲ, ಧರ್ಮದಲ್ಲಿ ನಿಷ್ಠೆಯುಳ್ಳ ಸಣ್ಣವರಿಗೂ ಅದು ಸಾಧ್ಯ ಎಂಬುದು ಅದರ ಸಾರ. ಎರಡು ಸಾವಿರ ವರ್ಷಗಳಿಗೂ ಹಿಂದೆ ನಮ್ಮದೇ ನೆಲದಲ್ಲಿ ಕಲ್ಲಿನ ಮೇಲೆ ಬರೆದ ಈ ಮಾತು ಇಂದು ಸಾಗರದಾಚೆ ಇರುವ ನಮ್ಮ ಮಕ್ಕಳಿಗೂ ಸಲ್ಲುತ್ತದೆ. ವಾರಕ್ಕೊಂದು ತಾಸು, ವರ್ಷಕ್ಕೊಂದು ಸಣ್ಣ ಪಾಲು, ಕೊಟ್ಟ ಮಾತಿಗೆ ಮೂರು ವರ್ಷದ ನಿಷ್ಠೆ, ಇಷ್ಟನ್ನು ಒಂದೊಂದು ಮನೆಯವರು ಕೊಟ್ಟರೂ ನಮ್ಮ ಹಳ್ಳಿಗಳಲ್ಲಿ ಸಂಜೆಯ ಹೊತ್ತು ಓದುವ ಮಕ್ಕಳ ದನಿ ಕೇಳಿಬರುವುದು. ಈ ಸಂಚಿಕೆಯನ್ನು ಓದಿದ ಪಾಲಕರು ದೂರದಲ್ಲಿರುವ ಮಗನಿಗೋ ಮಗಳಿಗೋ ಫೋನು ಮಾಡಿದಾಗ ಈ ವಿಚಾರವನ್ನೊಮ್ಮೆ ಎತ್ತಿ ಮಾತನಾಡಬೇಕೆಂದು ನಾವು ವಿನಂತಿಸುತ್ತೇವೆ.